ಪುಣೆಯ ಆನ್‌ಲೈನ್ ಲೀವ್ ಅಂಡ್ ಲೈಸೆನ್ಸ್ ನೋಂದಣಿ: ಒಪ್ಪಂದ ಮುರಿಯುವ ಬಾಡಿಗೆದಾರರಿಗೆ ಸಾಕೇ?

ಲೀವ್ ಅಂಡ್ ಲೈಸೆನ್ಸ್ ಅಂದರೆ ನಿಗದಿತ ಅವಧಿಗೆ ಮನೆಯಲ್ಲಿರಲು ಅನುಮತಿ ಕೊಡುವ ಬಾಡಿಗೆ ಒಪ್ಪಂದ. ಪುಣೆಯಲ್ಲಿ ಫ್ಲ್ಯಾಟ್ ಇಟ್ಟುಕೊಂಡು ಹುಬ್ಬಳ್ಳಿ, ಬೆಳಗಾವಿಯಲ್ಲಿ ಕೂತ ಮಾಲೀಕರಿಗೆ ಈ ಸೇವೆ ದುಡ್ಡಿಗೆ ಮೋಸವಿಲ್ಲ. ಏಜೆಂಟ್ ಥಂಬ್ ಮಷಿನ್ ಹಿಡಿದು ಮನೆಗೇ ಬರುತ್ತಾನೆ. ವಯಸ್ಸಾದವರ ಬೆರಳು ಸವೆದಿದ್ದರೆ ಮಷಿನ್ ಹಿಡಿಯುವುದಿಲ್ಲ, ಆಧಾರ್ ಬಯೋಮೆಟ್ರಿಕ್ ಮೊದಲೇ ಅಪ್‌ಡೇಟ್ ಮಾಡಿಸಿ.

ಖರ್ಚು: 25,000 ಬಾಡಿಗೆ, 1 ಲಕ್ಷ ಡೆಪಾಸಿಟ್, 11 ತಿಂಗಳಿಗೆ ಸ್ಟಾಂಪ್ ಡ್ಯೂಟಿ ಸುಮಾರು 700 ರೂ., ನೋಂದಣಿ ಶುಲ್ಕ 1,000. ಏಜೆಂಟ್ ಕೂಲಿ ಬೇರೆ, ಚೌಕಾಸಿ ಮಾಡಬಹುದು.

ಸೋಲುವುದು ಏಜೆಂಟರ ರೆಡಿಮೇಡ್ ಕರಡಿನಲ್ಲಿ. "ಸೊಸೈಟಿ ನಿಯಮ ಪಾಲಿಸತಕ್ಕದ್ದು" ಅಂತ ಒಂದು ಸಾಲು ಗೀಚಿ ಮುಗಿಸುತ್ತಾರೆ; ಮೂವರಿಗೆ ಕೊಟ್ಟ ಮನೆಯಲ್ಲಿ ಏಳು ಜನ ಮಲಗಿದಾಗ ಅದು ಕೆಲಸಕ್ಕೆ ಬಾರದು. ವಾಸಿಸುವವರ ಹೆಸರುಗಳು, ಒಳಬಾಡಿಗೆ ನಿಷೇಧ, ತಿಂಗಳ ಬಾಡಿಗೆ ಕಟ್ಟಬೇಕಾದ ಕೊನೇ ದಿನಾಂಕ, ಎರಡು ಲಿಖಿತ ಎಚ್ಚರಿಕೆ ಬಳಿಕ 30 ದಿನದ ನೋಟಿಸಿನಲ್ಲಿ ರದ್ದು: ಇಷ್ಟನ್ನು ಸಹಿಗೆ ಮುಂಚೆಯೇ ಸೇರಿಸಿ. ಎಚ್ಚರಿಕೆಯನ್ನು ವಾಟ್ಸಾಪ್‌ನಲ್ಲಷ್ಟೇ ಬಿಡದೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ನೋಂದಣಿಯ ನಿಜವಾದ ಬಲ ಅವಧಿ ಮುಗಿದ ಮೇಲೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 24ನೇ ಕಲಂ ಪ್ರಕಾರ ಮನೆ ಬಿಡದವರನ್ನು ಸಕ್ಷಮ ಪ್ರಾಧಿಕಾರದ (ಇಂಥ ಕೇಸು ಕೇಳಲು ಸರ್ಕಾರ ನೇಮಿಸಿದ ಅಧಿಕಾರಿಯ) ಮುಂದೆ ಎಳೆಯಬಹುದು, ದುಪ್ಪಟ್ಟು ಬಾಡಿಗೆಯನ್ನೂ ಕೇಳಬಹುದು. ಅದಕ್ಕೇ 36 ತಿಂಗಳ ಒಪ್ಪಂದಕ್ಕಿಂತ ಬೇಗ ಅವಧಿ ಮುಗಿಯುವ 11 ತಿಂಗಳದ್ದೇ ಲೇಸು. ನೀರು, ಕರೆಂಟು ಕಿತ್ತು ಓಡಿಸುವ ಯೋಚನೆ ಮಾತ್ರ ಬೇಡ. ಕೇಸು ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ.

ಪೊಲೀಸ್ ವೆರಿಫಿಕೇಶನ್ ಅರ್ಜಿಯನ್ನೂ ಅದೇ ದಿನ ಹಾಕಿಸಿ. ಐದಕ್ಕೆ ನಾಲ್ಕು ಅಂಕ, ಒಂದು ಕಳೆದದ್ದು ಕರಡಿಗೆ.