ಕೊಂಡ ಬೆಲೆಗೇ ಟಿಕೆಟ್: ಅಭಿಮಾನಿ ಬಳಗದ ಸೇವೆ, 4 ವರ್ಷ ಬಳಸಿದ ಮೇಲೆ

ಸಂಗೀತ ಕಾರ್ಯಕ್ರಮದ ಟಿಕೆಟ್‌ಗಳನ್ನು ಅಭಿಮಾನಿಗಳೇ ಅಭಿಮಾನಿಗಳಿಗೆ ಕೊಂಡ ಬೆಲೆಗೆ ದಾಟಿಸುವ ಸೇವೆಯೊಂದನ್ನು ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ. ಮೊದಲ ಎರಡು ವರ್ಷ ಬರೀ ಗಿರಾಕಿ. ಆಮೇಲೆ ಟಿಕೆಟ್ ಪರೀಕ್ಷೆ ಮಾಡುವ ಸ್ವಯಂಸೇವಕರಲ್ಲಿ ನಾನೂ ಒಬ್ಬನಾದೆ. ಹಾಗಾಗಿ ಇಲ್ಲಿ ಮನೆಮಗನ ಅಭಿಮಾನವೂ ಇದೆ, ಮನೆಮಗನ ಸಿಟ್ಟೂ ಇದೆ.

ನಿಯಮ ಒಂದೇ. ಶುಲ್ಕ ಎಲ್ಲಾ ಸೇರಿ ನೀವು ಎಷ್ಟು ಕೊಟ್ಟಿರೋ ಅದಕ್ಕಿಂತ ಒಂದು ಬಿಡಿಗಾಸೂ ಜಾಸ್ತಿ ಕೇಳುವಂತಿಲ್ಲ. ಕಡಿಮೆಗೆ ಕೊಟ್ಟರೆ ಸಂತೋಷ. ಬೇಕಾದವರು ಕಾರ್ಯಕ್ರಮದ ಹೆಸರು ಒತ್ತಿ ಕಾಯುತ್ತಾರೆ, ಟಿಕೆಟ್ ಬಂದಾಗ ಫೋನ್ ಸದ್ದು ಮಾಡುತ್ತದೆ.

ಇದು ಹೊಸ ಯೋಚನೆಯೇನಲ್ಲ. ಅಮೆರಿಕದ ಗ್ರೇಟ್‌ಫುಲ್ ಡೆಡ್ ರಾಕ್ ತಂಡ 1983ರಲ್ಲಿ ತನ್ನದೇ ಟಿಕೆಟ್ ವ್ಯವಸ್ಥೆ ಮಾಡಿಕೊಂಡು ಅಂಚೆಯಲ್ಲಿ ನೇರವಾಗಿ ಅಭಿಮಾನಿಗಳಿಗೆ ಮಾರತೊಡಗಿತು. ಜನ ಲಕೋಟೆಗಳ ಮೇಲೆ ಬಣ್ಣಬಣ್ಣದ ಚಿತ್ರ ಬರೆದು ಕಳಿಸುತ್ತಿದ್ದರು. ಟಿಕೆಟ್ ಸಿಗದವರು ಹೊರಗೆ ಒಂದು ಬೆರಳು ಎತ್ತಿ ನಿಲ್ಲುತ್ತಿದ್ದರು, ಯಾರಾದರೂ ಹೆಚ್ಚಿಗೆ ಇದ್ದ ಒಂದನ್ನು ಕೊಟ್ಟಾರು ಅಂತ. ನಮ್ಮ ಆಪ್‌ನಲ್ಲಿರುವ ‘ಬೇಕು’ ಬಟನ್ ಅದೇ ಬೆರಳು.

ಬೆರಳು ಎತ್ತಿದವರಿಗೆಲ್ಲಾ ಸಿಗುತ್ತಾ? ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಹೊಸಬರು ಇಲ್ಲೇ ಬೇಜಾರು ಮಾಡಿಕೊಂಡು ಆಪ್ ತೆಗೆದುಹಾಕುತ್ತಾರೆ. 2022ರ ನವೆಂಬರ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಪ್ರವಾಸದ ಪ್ರೀಸೇಲ್ ದಿನ, ಅಂದರೆ ಎಲ್ಲರಿಗೂ ಮಾರುವ ಮೊದಲಿನ ಮಾರಾಟದ ದಿನ, ಟಿಕೆಟ್ ಮಾರುವ ಕಂಪನಿ ಟಿಕೆಟ್‌ಮಾಸ್ಟರ್ 20 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಿತು. ಆದರೂ ಲಕ್ಷಾಂತರ ಜನ ಗಂಟೆಗಟ್ಟಲೆ ಕ್ಯೂನಲ್ಲಿ ಕೂತು ಬರಿಗೈಲಿ ಎದ್ದರು. ಅಂಥ ಕಾರ್ಯಕ್ರಮಕ್ಕೆ ಯಾವ ಬಳಗವೂ ಸೀಟು ಹುಟ್ಟಿಸಲಾರದು. ಆದರೆ ಮಿಕ್ಕ ಹತ್ತರಲ್ಲಿ ಎಂಟು ಕಾರ್ಯಕ್ರಮಕ್ಕೆ ನನಗೆ ಇಲ್ಲೇ ಸಿಕ್ಕಿದೆ. ಮೂರು ಸಲ ಕೊಂಡ ಬೆಲೆಗಿಂತ ಕಡಿಮೆಗೆ.

ಗುಟ್ಟು ಇರುವುದು ಕೊನೆಯ ಎರಡು ದಿನದಲ್ಲಿ. ಯಾರಿಗೋ ಜ್ವರ ಬರುತ್ತದೆ, ಯಾರದೋ ರಜೆ ರದ್ದಾಗುತ್ತದೆ, ಜೋಡಿಯಾಗಿ ಕೊಂಡವರು ಜಗಳ ಆಡಿಕೊಳ್ಳುತ್ತಾರೆ. ಬ್ಲ್ಯಾಕ್‌ನಲ್ಲಿ ಮಾರುವವರಿಗೂ ಟಿಕೆಟ್ ಕೈಯಲ್ಲೇ ಉಳಿದೀತು ಅನ್ನುವ ಭಯ ಶುರುವಾಗುವುದು ಆಗಲೇ. ಇನ್ನೊಂದು ವಿಷಯ ನನಗೆ ಬಳಗದಲ್ಲೇ ಗೊತ್ತಾಗಿದ್ದು. ವೇದಿಕೆ, ಕ್ಯಾಮೆರಾ, ಸೌಂಡ್ ಬೋರ್ಡ್ ಎಲ್ಲಿ ಬರುತ್ತದೆ ಅಂತ ಪಕ್ಕಾ ಆಗದೆ ಆಯೋಜಕರು ಒಂದಷ್ಟು ಸೀಟುಗಳನ್ನು ಮಾರದೆ ಹಿಡಿದಿಟ್ಟಿರುತ್ತಾರೆ. ವೇದಿಕೆ ಎದ್ದ ಮೇಲೆ ಅಡ್ಡ ಬಾರದ ಸೀಟುಗಳನ್ನು ಬಿಡುತ್ತಾರೆ. ಕೆಲವೊಮ್ಮೆ ಅದೇ ದಿನ ಮಧ್ಯಾಹ್ನ. ಟಿಕೆಟ್ ಎಲ್ಲಾ ಮುಗಿದಿದೆ ಅಂತ ತೋರಿಸುತ್ತಿದ್ದ ಅಧಿಕೃತ ಪುಟದಲ್ಲೇ ಸದ್ದಿಲ್ಲದೆ ಒಳ್ಳೆ ಸೀಟು ಕಾಣಿಸಿಕೊಳ್ಳುತ್ತದೆ. ಒಬ್ಬರು ನೋಡಿದರೆ ಸಾಕು, ಅರ್ಧ ನಿಮಿಷದಲ್ಲಿ ಎಲ್ಲರಿಗೂ ಸುದ್ದಿ. ನಿಜ ಹೇಳಬೇಕೆಂದರೆ ಮರುಮಾರಾಟಕ್ಕಿಂತ ಈ ಸುದ್ದಿಯಿಂದಲೇ ನನಗೆ ಜಾಸ್ತಿ ಟಿಕೆಟ್ ಸಿಕ್ಕಿವೆ. ಒಬ್ಬರೇ ಹೋಗುವುದಾದರೆ ಇನ್ನೂ ಸುಲಭ, ಒಂಟಿ ಸೀಟನ್ನು ಯಾರೂ ಕೇಳುವುದಿಲ್ಲ.

ಈಗ ಪೆಟ್ಟು ತಿಂದ ಕಥೆ. ಎರಡನೇ ವರ್ಷ ಟಿಕೆಟ್ ಮಾರುವವರೊಬ್ಬರು ಸೇವೆಯ ಒಳಗೆ ಮಾತಾಡುತ್ತಾ, ‘ಸುಮ್ನೆ ಇಲ್ಲಿ ಶುಲ್ಕ ಯಾಕೆ, ಹಣ ನೇರವಾಗಿ ಕಳಿಸಿ’ ಅಂದರು. ಕಳಿಸಿದೆ. ಬಾರ್‌ಕೋಡ್‌ನ ಸ್ಕ್ರೀನ್‌ಶಾಟ್ ಬಂತು. ಗೇಟಿನಲ್ಲಿ ಸ್ಕ್ಯಾನರ್ ಕೆಂಪು ದೀಪ ತೋರಿಸಿತು. ಅದೇ ಚಿತ್ರವನ್ನು ಇನ್ನಿಬ್ಬರಿಗೂ ಮಾರಿದ್ದರು, ಮೊದಲು ಬಂದವರು ಆಗಲೇ ಒಳಗೆ ಹೋಗಿದ್ದರು. ಉಳಿದಿಬ್ಬರು ಗೇಟಿನ ಹತ್ತಿರ ಪರಿಚಯವಾದೆವು! ಹಣ ವಾಪಸ್ ಬರಲಿಲ್ಲ. ಸೇವೆಯ ಒಳಗೆ ಕೊಟ್ಟಿದ್ದರೆ ನಾನು ಒಳಗೆ ಹೋಗುವವರೆಗೆ ಹಣ ಅಲ್ಲೇ ತಡೆದಿರುತ್ತಿತ್ತು. ತಪ್ಪು ನನ್ನದೇ.

ಈಗ ಎಷ್ಟೋ ಟಿಕೆಟ್‌ಗಳಲ್ಲಿ ಬಾರ್‌ಕೋಡ್ ಕೆಲವೇ ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಸ್ಕ್ರೀನ್‌ಶಾಟ್‌ಗೆ ಬೆಲೆಯೇ ಇಲ್ಲ. ಅದಕ್ಕೇ ನಾವು ಪರೀಕ್ಷಕರು ಮಾರುವವರಿಂದ ಸಣ್ಣ ವಿಡಿಯೋ ಕೇಳುತ್ತೇವೆ. ಟಿಕೆಟ್ ತೆರೆದ ಫೋನು, ಪಕ್ಕದಲ್ಲಿ ಒಂದು ಚೀಟಿ, ಅದರ ಮೇಲೆ ಕೈಬರಹದಲ್ಲಿ ಇವತ್ತಿನ ತಾರೀಖು. ಒಬ್ಬ ಮಹಾಶಯ 17ರ ಹಳೇ ಚೀಟಿಯಲ್ಲಿ 7ನ್ನು 8 ಮಾಡಿ ಕಳಿಸಿದ್ದ. ಮೊದಲ ಗೀಟು ನೀಲಿ, ತಿದ್ದಿದ ಗೀಟು ಕಪ್ಪು. ಇನ್ನೊಮ್ಮೆ ಹಿರಿಯರೊಬ್ಬರು ‘ನನ್ನನ್ನೇ ಕಳ್ಳ ಅಂತೀರೇನ್ರೀ?’ ಅಂತ ರೇಗಿದರು. ‘ಇಲ್ಲ ಸರ್, ನಾನು ಮಾರಿದಾಗ ನನಗೂ ಹೀಗೇ ಕೇಳ್ತಾರೆ’ ಅಂದೆ. ಹತ್ತು ನಿಮಿಷ ಬಿಟ್ಟು ವಿಡಿಯೋ ಬಂತು. ಚೀಟಿಯಲ್ಲಿ ತಾರೀಖಿನ ಜೊತೆ ವಾರ, ಗಂಟೆ, ಕೆಳಗೆ ಸಹಿಯೂ ಇತ್ತು.

ಕೊರತೆಗಳು ಇವೆ. ಪರೀಕ್ಷಕರು ಕಡಿಮೆ. ಶುಕ್ರವಾರ ಸಂಜೆ ಒಂದು ಟಿಕೆಟ್ ಪಾಸಾಗಲು ಎರಡು ಗಂಟೆ ಹಿಡಿದದ್ದಿದೆ, ಅಷ್ಟರಲ್ಲಿ ಕಾರ್ಯಕ್ರಮವೇ ಶುರು. ಸಂಬಳ ಇಲ್ಲದ ಕೆಲಸಕ್ಕೆ ಎಷ್ಟು ದಿನ ಅಂತ ಜನ ಬರುತ್ತಾರೆ? ಅಲರ್ಟ್ ಬಂದ ಕ್ಷಣ ಯಾರು ಮೊದಲು ಒತ್ತಿದರೋ ಅವರಿಗೇ ಟಿಕೆಟ್. ಫೋನ್ ಜೇಬಿನಲ್ಲಿಟ್ಟು ಕೆಲಸ ಮಾಡುವವರಿಗೆ ಇದು ಅನ್ಯಾಯ. ಹತ್ತು ನಿಮಿಷ ಕಾದು ಚೀಟಿ ಎತ್ತಿ ಅಂತ ನಾನು ಮೂರು ಸಲ ಹೇಳಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಮತ್ತೆ, ಟಿಕೆಟನ್ನು ಬೇರೆಯವರ ಹೆಸರಿಗೆ ದಾಟಿಸುವುದು ಕೆಲವು ಕಾರ್ಯಕ್ರಮಗಳಲ್ಲಿ ಕೊನೆಯ ಮೂರು ದಿನದವರೆಗೂ ಬೀಗ. ಅದು ಬಳಗದ ತಪ್ಪಲ್ಲ, ಆದರೆ ಆ ಮೂರು ದಿನ ಉಗುರು ಕಚ್ಚಿಕೊಂಡು ಕೂರುವುದು ನಾವೇ.

ಕಲಾವಿದರೇ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದೂ ನೋಡಿದ್ದೇವೆ. 2023ರಲ್ಲಿ ಬ್ರಿಟನ್ನಿನ ರಾಕ್ ತಂಡ ದಿ ಕ್ಯೂರ್ ಅಮೆರಿಕದಲ್ಲಿ 20 ಡಾಲರ್‌ನಿಂದ ಟಿಕೆಟ್ ಇಟ್ಟಿತು. ಕೆಲವರಿಗೆ ಟಿಕೆಟ್‌ಮಾಸ್ಟರ್ ಹಾಕಿದ ಶುಲ್ಕವೇ ಟಿಕೆಟ್‌ಗಿಂತ ದುಬಾರಿಯಾಯಿತು. ಗಾಯಕ ರಾಬರ್ಟ್ ಸ್ಮಿತ್ ಬಹಿರಂಗವಾಗಿ ಜಗಳಕ್ಕೆ ನಿಂತ ಮೇಲೆ ಅತಿ ಕಡಿಮೆ ಬೆಲೆಯ ಟಿಕೆಟ್‌ಗೆ 10 ಡಾಲರ್, ಉಳಿದವಕ್ಕೆ 5 ಡಾಲರ್ ವಾಪಸ್ ಬಂತು. ಐರ್ಲೆಂಡ್ 2021ರಲ್ಲಿ ದೊಡ್ಡ ಕಾರ್ಯಕ್ರಮಗಳ ಟಿಕೆಟನ್ನು ಮುಖಬೆಲೆಗಿಂತ ಜಾಸ್ತಿಗೆ ಮಾರಬಾರದು ಅಂತ ಕಾನೂನೇ ಮಾಡಿತು. ಎಲ್ಲ ಕಡೆ ಹಾಗಾದರೆ ನಮ್ಮ ಬಳಗಕ್ಕೆ ಅರ್ಧ ಕೆಲಸ ಕಡಿಮೆ, ಅಲ್ವಾ?

5ಕ್ಕೆ 4 ಅಂಕ. ಸೇರುವವರು ಮೊದಲು ಒಂದು ಟಿಕೆಟ್ ಮಾರಿ ನೋಡಿ, ಆಗ ಕೊಳ್ಳುವಾಗ ಏನು ಕೇಳಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ಅಲರ್ಟ್ ಸದ್ದನ್ನು ಮಾತ್ರ ಮೊದಲ ದಿನವೇ ಬದಲಿಸಿಕೊಳ್ಳಿ. ಅವರು ಕೊಟ್ಟಿರುವ ಸದ್ದು ಥೇಟ್ ಬಾಗಿಲ ಗಂಟೆಯ ಹಾಗಿದೆ. ನಾನು ಎರಡು ಸಲ ಎದ್ದು ಹೋಗಿ ಬಾಗಿಲು ತೆಗೆದಿದ್ದೇನೆ, ವಾಪಸ್ ಬರುವಷ್ಟರಲ್ಲಿ ಟಿಕೆಟ್ ಹೋಗಿತ್ತು.