ಕಾಲಿಟ್ಟರೆ ತೆರೆಯುವ ಕೋಳಿ ಫೀಡರ್: ಮೂರನೇ ಮಳೆಗಾಲದಲ್ಲಿ ಬರೆದ ಅನುಭವ

ಕೋಳಿ ಮುಂದಿನ ಕಾಲುಮಣೆಯ ಮೇಲೆ ನಿಂತರೆ ಮುಚ್ಚಳ ತೆರೆದು, ಇಳಿದರೆ ಮುಚ್ಚಿಕೊಳ್ಳುವ ಮೇವಿನ ಪೆಟ್ಟಿಗೆ ಇದು. ಮೇವು ಚೆಲ್ಲುವ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೊಳ್ಳುವಾಗ ನನಗೆ ಅದನ್ನು ಯಾರೂ ಹೇಳಲಿಲ್ಲ. ಮುಚ್ಚಳ ಹೇಗೆ ತೆರೆಯುತ್ತದೆ, ಪೆಟ್ಟಿಗೆ ಎಷ್ಟು ಕಿಲೋ ಹಿಡಿಯುತ್ತದೆ, ತಗಡು ಎಷ್ಟು ದಪ್ಪ ಎಂಬುದೆಲ್ಲ ಮಾರುವವರ ಪುಟದಲ್ಲೇ ಇದೆ. ಆದರೆ ತೊಟ್ಟಿಯ ಅಂಚು ಒಳಕ್ಕೆ ಮಡಚಿದೆಯೇ ಇಲ್ಲವೇ ಎಂದು ಯಾವ ಚಿತ್ರವನ್ನು ನೋಡಿದರೂ ತಿಳಿಯುವುದಿಲ್ಲ. ನನ್ನದರಲ್ಲಿ ಮಡಚಿರಲಿಲ್ಲ. ಕೋಳಿ ಮೇವನ್ನು ನೆಟ್ಟಗೆ ಹೆಕ್ಕುವುದಿಲ್ಲ. ತನಗೆ ಬೇಕಾದ ಜೋಳದ ನುಚ್ಚಿಗಾಗಿ ಕೊಕ್ಕನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ, ಉಳಿದದ್ದನ್ನು ಅಂಚಿನಾಚೆ ಸುರಿಯುತ್ತದೆ. ಹಾಗೆ ಸುರಿದದ್ದು ರಾತ್ರಿ ಇಲಿಗಳ ಪಾಲಾಗುತ್ತದೆ. ಇಲಿ ತಡೆಯಲೆಂದು 4,200 ರೂಪಾಯಿ ಕೊಟ್ಟು ತಂದ ಪೆಟ್ಟಿಗೆಯ ಬುಡದಲ್ಲೇ ಇಲಿಗಳು ಹತ್ತು ತಿಂಗಳು ಹೊಟ್ಟೆ ತುಂಬಿಸಿಕೊಂಡವು.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ತೋಟದ ಅಂಚಿನಲ್ಲಿ ಕೋಳಿಗೂಡು, ಅದರಲ್ಲಿ ಹುಂಜ ಸೇರಿ ಹದಿನಾಲ್ಕು ಕೋಳಿಗಳು. ಒಂಬತ್ತು ಗಿರಿರಾಜ ಎಂಬ ತೂಕದ ತಳಿಯವು, ಐದು ನಾಟಿ. ದೊಡ್ಡ ಕೋಳಿಯೊಂದು ದಿನಕ್ಕೆ ನೂರರಿಂದ ನೂರಿಪ್ಪತ್ತು ಗ್ರಾಂ ತಿನ್ನುತ್ತದೆ. ಆ ಲೆಕ್ಕದಲ್ಲಿ ನಮಗೆ ದಿನಕ್ಕೆ ಒಂದೂವರೆ ಕಿಲೋಗೆ ತುಸು ಹೆಚ್ಚು ಸಾಕು, ಐವತ್ತು ಕಿಲೋ ಚೀಲ ಮೂವತ್ತೆರಡು ದಿನ ಬರಬೇಕು. ಫೀಡರ್ ತರುವ ಮೊದಲು ಬರುತ್ತಿದ್ದದ್ದು ಇಪ್ಪತ್ತೆರಡು ದಿನ. ಪ್ರತಿ ಚೀಲದಲ್ಲಿ ಹದಿನಾರು ಕಿಲೋ ಎಲ್ಲಿಗೋ ಹೋಗುತ್ತಿತ್ತು. ಒಂದು ಇಲಿ ರಾತ್ರಿಗೆ ಇಪ್ಪತ್ತು, ಇಪ್ಪತ್ತೈದು ಗ್ರಾಂ ತಿನ್ನುತ್ತದೆ ಎಂದಿಟ್ಟುಕೊಂಡರೂ ಮೂವತ್ತರ ಹತ್ತಿರದ ಸಂಖ್ಯೆ ಬರುತ್ತಿತ್ತು. ಆ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ದುಡ್ಡಿನ ಚಿಂತೆಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಮನೆಯ ಮಕ್ಕಳು ಬರಿಗಾಲಿನಲ್ಲಿ ಹೋಗಿ ಮೊಟ್ಟೆ ತರುತ್ತಾರೆ, ಗೂಡಿನ ಸುತ್ತ ಮಳೆಗಾಲವಿಡೀ ಕೆಸರು. ಇಲಿ ಜ್ವರ ಬರುವುದು ಇಲಿಯ ಮೂತ್ರ ಬೆರೆತ ನೀರು, ಕೆಸರುಗಳಿಂದ ಎಂಬುದು ಮಲೆನಾಡಿನವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಫೀಡರ್ ಕೊಳ್ಳುವ ಮೊದಲು ಹಳೆಯ ಉಪಾಯಗಳನ್ನೆಲ್ಲ ಮಾಡಿ ನೋಡಿದ್ದೆ. ಮೇವಿನ ಡಬ್ಬಿಯನ್ನು ಹಗ್ಗದಲ್ಲಿ ತೂಗುಹಾಕಿದರೆ ಇಲಿ ಹಗ್ಗದ ಮೇಲೇ ಇಳಿದು ಬಂತು. ಬೋನಿಗೆ ಒಣಕೊಬ್ಬರಿ ಸಿಕ್ಕಿಸಿ ಇಟ್ಟಾಗ ಮೊದಲ ವಾರ ಏಳು ಬಿದ್ದವು, ಆಮೇಲೆ ಒಂದೂ ಹತ್ತಿರ ಸುಳಿಯಲಿಲ್ಲ. ವಿಷದ ಬಿಲ್ಲೆ ಮಾತ್ರ ಬೇಡವೆಂದೆ. ಆ ಬಿಲ್ಲೆಯಲ್ಲಿರುವ ಬ್ರೊಮಾಡಿಯೋಲೋನ್ ಎಂಬ ವಿಷ ತಿಂದ ಇಲಿ ಆ ಕ್ಷಣಕ್ಕೆ ಸಾಯುವುದಿಲ್ಲ, ಕೆಲವು ದಿನ ತೂರಾಡುತ್ತಾ ತಿರುಗುತ್ತದೆ. ಅದನ್ನು ಹಿಡಿದು ತಿಂದ ಗೂಬೆಗೂ ಬೆಕ್ಕಿಗೂ ಅದೇ ವಿಷ ಏರುತ್ತದೆ. ನಮ್ಮ ಹಳೆಯ ಅಡಿಕೆ ಅಟ್ಟದಲ್ಲಿ ಕಣಜ ಗೂಬೆಗಳ ಜೋಡಿಯೊಂದಿದೆ. ಅವು ನನಗಾಗಿ ಮಾಡುವ ಕೆಲಸಕ್ಕೆ ಪ್ರತಿಯಾಗಿ ವಿಷ ಉಣಿಸಲು ಮನಸ್ಸು ಒಪ್ಪಲಿಲ್ಲ.

ಜನವರಿಯಲ್ಲಿ ಫೀಡರ್ ಬಂತು. ಕೋಳಿಗಳಿಗೆ ಅದನ್ನು ಕಲಿಸಿದ ಮೂರು ವಾರಗಳು ಈ ಎರಡೂವರೆ ವರ್ಷಗಳಲ್ಲೇ ನನಗೆ ಅತ್ಯಂತ ಪ್ರಿಯವಾದ ದಿನಗಳು. ಮೊದಲ ವಾರ ಕಾಲುಮಣೆಯ ಮೇಲೆ ಕಲ್ಲು ಹೇರಿ ಮುಚ್ಚಳವನ್ನು ಪೂರ್ತಿ ತೆರೆದಿಟ್ಟೆ. ಎರಡನೆಯ ವಾರ ಬೋಲ್ಟ್ ತಿರುಗಿಸಿ ಅರ್ಧ ತೆರೆದಿಟ್ಟೆ. ಮೂರನೆಯ ವಾರ ಬೋಲ್ಟನ್ನೇ ತೆಗೆದೆ. ಮೊದಲು ಕಲಿತದ್ದು ಕುತ್ತಿಗೆ ಬೋಳಾದ ಒಂದು ನಾಟಿ ಹೇಂಟೆ. ಒಂದು ಕಾಲನ್ನು ಮಣೆಯ ಮೇಲಿಟ್ಟಿತು, ತಗಡು ಸದ್ದು ಮಾಡಿದ ಕೂಡಲೇ ಹಾರಿ ಹಿಂದೆ ಸರಿಯಿತು, ಕತ್ತು ಓರೆ ಮಾಡಿ ಮುಚ್ಚಳವನ್ನು ನೋಡಿತು, ಮತ್ತೆ ಅದೇ ಕಾಲಿಟ್ಟಿತು. ಐದಾರು ಸಲ ಹೀಗೆ ಮಾಡಿದ ಮೇಲೆ ಎರಡೂ ಕಾಲೂರಿ ನಿಂತು ತಿನ್ನತೊಡಗಿತು. ಅಷ್ಟು ಹೊತ್ತೂ ನಾನು ಕೊಡೆ ಹಿಡಿದವರಂತೆ ಕೈ ಮೇಲೆತ್ತಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದೆ. ಉಳಿದವು ಅದನ್ನು ನೋಡಿ ಒಂದೇ ವಾರದಲ್ಲಿ ಕಲಿತವು. ಈಗ ಬೆಳಗ್ಗೆ ಆರೂವರೆಗೆ ಗೂಡಿನ ಬಾಗಿಲು ತೆಗೆದರೆ ಅಡುಗೆಮನೆಯವರೆಗೆ ಆ ತಗಡಿನ ಟಪ್ ಟಪ್ ಕೇಳಿಸುತ್ತದೆ. ಮನೆಯವರು ಅದನ್ನು ಕೇಳಿಯೇ ಕಾಫಿಗೆ ನೀರಿಡುತ್ತಾರೆ.

ಮುಚ್ಚಳವನ್ನು ಬಿಗಿಹಿಡಿಯುವ ಸ್ಪ್ರಿಂಗನ್ನು ಹದಗೊಳಿಸುವುದು ಅಷ್ಟು ಸುಲಭವಾಗಲಿಲ್ಲ. ನಮ್ಮಲ್ಲಿ ಇಲಿಯ ಜೊತೆಗೆ ಹೆಗ್ಗಣವೂ ಇದೆ. ದೊಡ್ಡ ಹೆಗ್ಗಣ ಒಂದು ಕಿಲೋದ ಹತ್ತಿರ ತೂಗುತ್ತದೆ, ನನ್ನ ಎಳೆಯ ನಾಟಿ ಹೇಂಟೆಗಳೂ ಹೆಚ್ಚುಕಡಿಮೆ ಅಷ್ಟೇ. ಹೆಗ್ಗಣಕ್ಕೆ ತೆರೆಯಬಾರದು, ಹೇಂಟೆಗೆ ತೆರೆಯಬೇಕು ಎಂದರೆ ಸ್ಪ್ರಿಂಗ್ ಏನು ಮಾಡೀತು? ಕಾಲುಮಣೆಯ ಮೇಲೆ ಒಂದು ಕಿಲೋ ಸಕ್ಕರೆ ಪೊಟ್ಟಣ ಇಟ್ಟರೆ ಮುಚ್ಚಳ ಅಲುಗಬಾರದು, ಒಂದೂವರೆ ಕಿಲೋ ಅಕ್ಕಿ ಇಟ್ಟರೆ ತೆರೆಯಬೇಕು ಎಂಬ ಅಳತೆಗೆ ಬಿಗಿ ಮಾಡಿದೆ. ಗಿರಿರಾಜಗಳಿಗೆ ಯಾವ ತೊಂದರೆಯೂ ಆಗಲಿಲ್ಲ. ಹಗುರವಾದ ಎರಡು ನಾಟಿ ಹೇಂಟೆಗಳು ಮಾತ್ರ ಇವತ್ತಿಗೂ ತಾವಾಗಿ ತೆರೆಯಲಾರವು. ದೊಡ್ಡದೊಂದು ಮಣೆ ಹತ್ತುವುದನ್ನು ಕಾದು, ಪಕ್ಕದಿಂದ ತಲೆ ತೂರಿಸಿ ತಿನ್ನುತ್ತವೆ.

ಸಂಜೆ ಗೂಡು ಮುಚ್ಚಿದ ಮೇಲೆ ಒಲೆಯ ಬೂದಿಯನ್ನು ಜರಡಿ ಹಿಡಿದು ಫೀಡರಿನ ಮುಂದೆ ತೆಳ್ಳಗೆ ಉದುರಿಸುವುದು ಆಗ ಶುರುವಾದ ಅಭ್ಯಾಸ. ಬೆಳಗ್ಗೆ ಕೋಳಿ ಬಿಡುವ ಮೊದಲು ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದು ನೋಡಬೇಕು. ಇಲಿಯ ಮುಂಗಾಲಿನ ಗುರುತಿನಲ್ಲಿ ನಾಲ್ಕು ಬೆರಳು, ಹಿಂಗಾಲಿನದರಲ್ಲಿ ಐದು, ನಡುವೆ ಬಾಲ ಎಳೆದ ಸಣ್ಣ ಗೆರೆ. ಫೀಡರ್ ಬಂದ ಮೇಲೂ ಗುರುತುಗಳು ಕಡಿಮೆಯಾಗಲಿಲ್ಲ. ಚೀಲ ಇಪ್ಪತ್ತೆರಡರ ಬದಲು ಇಪ್ಪತ್ತಾರು ದಿನ ಬಂತು, ಅಷ್ಟೇ. ಮುಚ್ಚಳದಲ್ಲಿ ಎಲ್ಲೋ ಸಂದಿಯಿದೆ ಎಂದು ಹುಡುಕುತ್ತಾ ನಾನು ತಿಂಗಳುಗಟ್ಟಲೆ ಕಳೆದೆ. ಮಾರಿದವರಿಗೆ ಚಿತ್ರಸಹಿತ ಮೂರು ಸಲ ಬರೆದೆ. ಸ್ಪ್ರಿಂಗ್ ಬಿಗಿ ಮಾಡಿ ಎಂಬ ಒಂದೇ ಉತ್ತರ ಮೂರು ಸಲವೂ ಬಂತು.

ಆ ಏಪ್ರಿಲ್‌ನಲ್ಲಿ ಒಂದೇ ರಾತ್ರಿ ನಾಲ್ಕು ಮರಿಗಳು ಹೋದವು. ಹತ್ತು ದಿನದ ಮರಿಗಳು, ತಾಯಿಯ ರೆಕ್ಕೆಯಡಿಯಿಂದಲೇ. ಬೆಳಗ್ಗೆ ಮೂಲೆಯಲ್ಲಿ ಹೊಸ ಬಿಲ, ಅದರ ಬಾಯಲ್ಲಿ ಹಳದಿ ತುಪ್ಪುಳು. ಅಂದು ಫೀಡರನ್ನು ಎತ್ತಿ ಅಂಗಳಕ್ಕೆ ಎಸೆದೆ, ಅದರ ಎಡಬದಿಯ ತಗ್ಗು ಈಗಲೂ ಇದೆ. ಕೋಪ ಇಳಿದ ಮೇಲೆ ಕೂತು ಯೋಚಿಸಿದರೆ ಮರಿಗಳು ಹೋದದ್ದಕ್ಕೆ ಫೀಡರ್ ಕಾರಣವಾಗಿರಲಿಲ್ಲ. ಗೂಡಿಗೆ ನಾನು ಹೊಡೆಸಿದ್ದು ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ಆರು ಮೂಲೆಯ ಕಣ್ಣಿನ ತೆಳು ತಂತಿ. ಅದು ಕೋಳಿಯನ್ನು ಒಳಗೆ ಹಿಡಿದಿಡುತ್ತದೆ, ಇಲಿಯನ್ನು ಹೊರಗೆ ತಡೆಯುವುದಿಲ್ಲ. ನೆಲವಂತೂ ಬರೀ ಮಣ್ಣು. ಆ ಬಲೆಯನ್ನು ಕಿತ್ತು ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿ ಹಾಕಿಸಿದೆ. ಗೂಡಿನ ಸುತ್ತ ಅದೇ ಜಾಲರಿಯನ್ನು ಒಂದು ಅಡಿ ಹೊರಚಾಚಿ ಮಣ್ಣಿನಡಿ ಮಲಗಿಸಿದೆ. ಇಲಿ ಗೋಡೆಯ ಬುಡಕ್ಕೆ ಬಂದು ತೋಡಲು ಶುರು ಮಾಡುತ್ತದೆ, ಉಗುರಿಗೆ ತಂತಿ ಸಿಗುತ್ತದೆ, ಒಂದು ಅಡಿ ಹಿಂದೆ ಸರಿದು ತೋಡಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಜಾಲರಿಗೆ ಫೀಡರಿನ ಎರಡರಷ್ಟು ಖರ್ಚಾಯಿತು. ಕೈಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದ್ದರೆ ಜಾಲರಿಯನ್ನೇ ಹಾಕಿಸಿ.

ಚೆಲ್ಲುವುದು ನನ್ನ ಕಣ್ಣಿಗೆ ಬಿದ್ದದ್ದು ಅಕ್ಟೋಬರ್ ಕೊನೆಯಲ್ಲಿ, ಜ್ವರ ಬಂದು ಇಡೀ ಮಧ್ಯಾಹ್ನ ಜಗಲಿಯಲ್ಲಿ ಮಲಗಿದ್ದಾಗ. ಹುಂಜವೊಂದೇ ಹತ್ತು ನಿಮಿಷದಲ್ಲಿ ಒಂದು ಹಿಡಿ ಮೇವು ಕೆಳಗೆ ಹಾಕಿತು. ಹಿಂದಿನ ದಿನವೂ ಹಾಕಿರಬೇಕು, ಅದರ ಹಿಂದಿನ ದಿನವೂ. ಬೆಳಗ್ಗೆ ನೆಲ ಸ್ವಚ್ಛವಾಗಿರುತ್ತಿದ್ದದ್ದರಿಂದ ನನಗೆ ಗೊತ್ತಾಗಿರಲಿಲ್ಲ. ಗುಡಿಸುತ್ತಿದ್ದವು ಇಲಿಗಳು. ಪೇಟೆಯ ವೆಲ್ಡಿಂಗ್ ಅಂಗಡಿಗೆ ತೊಟ್ಟಿಯನ್ನು ಒಯ್ದು, ಅಂಚಿಗೆ ಒಂದು ಇಂಚು ಅಗಲದ ಪಟ್ಟಿಯನ್ನು ಒಳಮುಖವಾಗಿ ಕೂರಿಸಿಸಿದೆ. 250 ರೂಪಾಯಿ, ಅರ್ಧ ಗಂಟೆಯ ಕೆಲಸ. ಪುಡಿ ಮೇವಿನ ಬದಲು ಹರಳು ಮೇವಿಗೆ ಬದಲಾಯಿಸಿದೆ, ಹೆಕ್ಕಿ ಆರಿಸಲು ಅದರಲ್ಲಿ ಏನೂ ಇರುವುದಿಲ್ಲ. ಆ ಚೀಲ ಮೂವತ್ತಮೂರು ದಿನ ಬಂತು. ಮೂವತ್ತಮೂರನೆಯ ದಿನ ಚೀಲ ಕೊಡವಿದಾಗ ನನಗಾದ ಸಂತೋಷವನ್ನು ಕೋಳಿ ಸಾಕಿದವರು ಅರ್ಥ ಮಾಡಿಕೊಳ್ಳುತ್ತಾರೆ.

ಇಲಿಗಳು ಒಮ್ಮೆಗೇ ಹೋಗಲಿಲ್ಲ. ಬೂದಿಯಲ್ಲಿ ಮೊದಲ ಎರಡು ವಾರ ಗುರುತುಗಳು ಇನ್ನೂ ಹೆಚ್ಚಾದವು, ಮುಚ್ಚಳದ ಸುತ್ತಲೇ ಸುತ್ತು ಹೊಡೆದಿದ್ದವು. ನಂತರ ದಿನ ಬಿಟ್ಟು ದಿನ, ನಂತರ ವಾರಕ್ಕೊಮ್ಮೆ. ಈಗ ಮಳೆ ಜೋರಾಗಿ ತೋಟದ ಬಿಲಗಳಿಗೆ ನೀರು ನುಗ್ಗಿದಾಗ ಒಂದೆರಡು ಬಂದು ನೋಡಿಕೊಂಡು ಹೋಗುತ್ತವೆ. ಉಳಿದವು ಗೂಬೆಗೂ ಕೇರೆ ಹಾವಿಗೂ ಸೇರಿವೆ. ಕೇರೆ ಮರಿಯನ್ನೂ ಮೊಟ್ಟೆಯನ್ನೂ ಬಿಡುವುದಿಲ್ಲ ಎಂಬುದು ಗೊತ್ತು, ಆದರೂ ಜಾಲರಿ ಇರುವವರೆಗೆ ನನಗೂ ಅದಕ್ಕೂ ಜಗಳವಿಲ್ಲ.

ತುಕ್ಕಿನ ದೂರು ಹಾಗೇ ಉಳಿದಿದೆ. ತಗಡಿಗೆ ಸತುವಿನ ಲೇಪವಿದೆ, ಕೀಲಿನ ಕಡ್ಡಿಗೆ ಇಲ್ಲ. ನಮ್ಮ ಮಳೆಗೆ ಎರಡನೇ ವರ್ಷವೇ ಅದು ಬಿಗಿದುಕೊಂಡು, ಮುಚ್ಚಳ ಅರ್ಧದಲ್ಲೇ ನಿಲ್ಲತೊಡಗಿತು. ಅರ್ಧ ತೆರೆದ ಮುಚ್ಚಳವೆಂದರೆ ಇಲಿಗೆ ತೆರೆದ ಬಾಗಿಲು. ಸೈಕಲ್ ಅಂಗಡಿಯಿಂದ ಸ್ಟೀಲ್ ಬೋಲ್ಟ್ ತಂದು ಹಾಕಿದ್ದೇನೆ, ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ಬಿಡುತ್ತೇನೆ. ಮೇವನ್ನು ಒಂದು ಸಲಕ್ಕೆ ಮೂರು ದಿನಕ್ಕಾಗುವಷ್ಟು ಮಾತ್ರ ತುಂಬುತ್ತೇನೆ. ಆಷಾಢದ ತೇವಕ್ಕೆ ತಳದ ಮೇವು ಗಟ್ಟಿಯಾಗಿ ಬೂಷ್ಟು ಹಿಡಿಯುತ್ತದೆ, ಅದು ಕೋಳಿಗೆ ಇಲಿಗಿಂತಲೂ ಕೆಡುಕು.

ನಾಟಿ ಕೋಳಿ ಮಾತ್ರ ಸಾಕುವವರು, ಸದಾ ಮರಿಗಳಿರುವವರು ಇದನ್ನು ಕೊಳ್ಳಬೇಡಿ. ಮರಿಗೆ ಇದು ತೆರೆಯುವುದಿಲ್ಲ, ದೊಡ್ಡದು ತೆರೆದಾಗ ನುಗ್ಗಿದರೆ ಮುಚ್ಚಳ ಕುತ್ತಿಗೆಯ ಮೇಲೆ ಬೀಳುತ್ತದೆ. ಮರಿಗಳಿಗೆ ನಾನು ಈಗಲೂ ಹಳೆಯ ಅಲ್ಯುಮಿನಿಯಂ ತಟ್ಟೆಯಲ್ಲೇ ಹಗಲು ಹಾಕಿ, ಕತ್ತಲಾಗುವ ಮೊದಲು ತಟ್ಟೆ ಎತ್ತಿ ತೊಳೆದಿಡುತ್ತೇನೆ. ಗಿರಿರಾಜದಂಥ ತೂಕದ ಕೋಳಿಗಳು ಹತ್ತಕ್ಕಿಂತ ಹೆಚ್ಚಿದ್ದರೆ ಕೊಳ್ಳಿ, ಆದರೆ ಹಣ ಕಳಿಸುವ ಮೊದಲು ತೊಟ್ಟಿಯ ಅಂಚಿನ ಚಿತ್ರವನ್ನು ಪಕ್ಕದಿಂದ ತೆಗೆದು ಕಳಿಸಲು ಕೇಳಿ. ಅಂಚು ನೆಟ್ಟಗಿದ್ದರೆ ವೆಲ್ಡಿಂಗಿನ 250 ರೂಪಾಯಿಯನ್ನೂ ಬೆಲೆಗೆ ಸೇರಿಸಿಕೊಳ್ಳಿ.