ಗೀರುಗಳ ಸಮೇತ ಮರಳಿ ಬಂದ ‘ಮೆಟ್ರೊಪೊಲಿಸ್’: ಬ್ಲೂ-ರೇ ಕೊಳ್ಳುವ ಮುನ್ನ

ಫ್ರಿಟ್ಜ್ ಲ್ಯಾಂಗ್ ಅವರ 1927ರ ಮೂಕಿ ಚಿತ್ರದ ಈ ಡಿಸ್ಕ್ ಹಾಕಿ ಕೂತವರು ಸ್ವಲ್ಪ ಹೊತ್ತಿಗೇ ಗಾಬರಿಯಾಗುತ್ತಾರೆ. ಕನ್ನಡಿಯಂತೆ ಓಡುತ್ತಿದ್ದ ಚಿತ್ರದ ಮೇಲೆ ಇದ್ದಕ್ಕಿದ್ದಂತೆ ಮಳೆ ಸುರಿದ ಹಾಗೆ ಗೀರುಗಳು, ಎಡಕ್ಕೂ ಮೇಲಕ್ಕೂ ಕಪ್ಪು ಪಟ್ಟಿ. ಡಿಸ್ಕ್ ಕೆಟ್ಟಿದೆಯೆಂದು ವಾಪಸ್ ಕಳಿಸಬೇಡಿ. ಚಿತ್ರದಿಂದ ಕತ್ತರಿಸಿ ತೆಗೆದು, ದಶಕಗಳ ಕಾಲ ಕಳೆದುಹೋಗಿದ್ದ ಭಾಗ ಅದೇ.

2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಸಿಕ್ಕಿದ್ದು ಮೂಲ 35 ಎಂ.ಎಂ. ಪ್ರತಿಯಲ್ಲ, ಅದರಿಂದ ಇಳಿಸಿಕೊಂಡ 16 ಎಂ.ಎಂ. ನೆಗೆಟಿವ್. ಓಡಿ ಓಡಿ ಸವೆದ ಪ್ರತಿಯಿಂದ ಇಳಿಸಿದ್ದರಿಂದ ಗೀರು, ಕೊಳೆ ಎಲ್ಲವೂ ಚಿತ್ರದೊಳಗೇ ಅಚ್ಚಾಗಿವೆ. ರೀಲಿನ ಮೇಲಿನ ಕೊಳೆಯಾದರೆ ತೊಳೆಯಬಹುದು, ಇದನ್ನು ತೊಳೆಯಲಾಗದು. ಒಂದು ಬದಿ ಶಬ್ದಕ್ಕೆ ಜಾಗ ಬಿಡುವ ವಾಕ್ಚಿತ್ರದ ಅಳತೆಯಲ್ಲಿ ಇಳಿಸಿದ್ದರಿಂದ ಅಂಚು ಕೂಡ ಹೋಗಿದೆ. ಚಿತ್ರವನ್ನು ಸರಿಪಡಿಸಿದವರು ಸಿಕ್ಕಷ್ಟನ್ನು ಎಳೆದು ದೊಡ್ಡದು ಮಾಡದೆ, ಹೋದ ಜಾಗವನ್ನು ಕಪ್ಪಾಗಿಯೇ ಬಿಟ್ಟಿದ್ದಾರೆ. ಈ ಕೆಲಸದಲ್ಲಿ ಅತ್ಯಂತ ಮೆಚ್ಚಬೇಕಾದ ತೀರ್ಮಾನ ಇದು.

ಮರಳಿದ ಸುಮಾರು 25 ನಿಮಿಷ ಸೇರಿ ಚಿತ್ರ ಈಗ ಎರಡೂವರೆ ಗಂಟೆಯಷ್ಟಿದೆ. ಯಾವ ದೃಶ್ಯ ಎಲ್ಲಿಗೆ ಎಂದು ಹೊಂದಿಸಲು ಗಾಟ್‌ಫ್ರೀಡ್ ಹುಪರ್ಟ್ಸ್ ಬರೆದ ಮೂಲ ಸಂಗೀತದ ಹಸ್ತಪ್ರತಿ ನೆರವಾಯಿತು, ಹಾಗಾಗಿ ಕೇಳುವ ಸಂಗೀತವೂ ಅದೇ. ಹಿಂದೆ ಬಂದು ಹೋಗುತ್ತಿದ್ದ ಸಣಕಲ ಗೂಢಚಾರ ಈಗ ನಿಜಕ್ಕೂ ಭಯ ಹುಟ್ಟಿಸುತ್ತಾನೆ. ನಗರದ ಒಡೆಯ ಫ್ರೆಡರ್‌ಸನ್ ಮತ್ತು ವಿಜ್ಞಾನಿ ರೋಟ್‌ವಾಂಗ್ ಹೊಡೆದಾಡುವ ದೃಶ್ಯ ಮಾತ್ರ ಇನ್ನೂ ಸಿಕ್ಕಿಲ್ಲ, ಅಲ್ಲಿ ಬರಹದ ಕಾರ್ಡು ಬರುತ್ತದೆ.

ತುಮಕೂರಿನಲ್ಲಿ ತರಿಸಿಕೊಳ್ಳುವವರು ಮೊದಲು ಪೆಟ್ಟಿಗೆಯ ಹಿಂದಿನ ಸಂಕೇತ ನೋಡಿ. ಬ್ಲೂ-ರೇಯಲ್ಲಿ ಭಾರತ ‘ಸಿ’ ವಲಯ. ‘ಎ’ ಅಥವಾ ‘ಬಿ’ ಎಂದಷ್ಟೇ ಇದ್ದರೆ ಇಲ್ಲಿ ಕೊಂಡ ಪ್ಲೇಯರ್ ಅದನ್ನು ಓಡಿಸದೇ ಇರಬಹುದು. ಟಿ.ವಿ.ಯಲ್ಲಿ ಜೂಮ್, ಮೋಷನ್ ಸ್ಮೂತಿಂಗ್, ನಾಯ್ಸ್ ರಿಡಕ್ಷನ್ ಮೂರನ್ನೂ ಆಫ್ ಮಾಡಿ. ಕೊನೆಯದು ಗೀರಿನ ಜೊತೆ ಮುಖದ ಗೆರೆಗಳನ್ನೂ ಒರೆಸಿಬಿಡುತ್ತದೆ.

ನಮ್ಮ ಜಿಲ್ಲೆಯವರಿಗೆ ಇದು ದೂರದ ಸಂಗತಿಯಲ್ಲ. ಗುಬ್ಬಿ ವೀರಣ್ಣನವರು ಟಾಕಿಗೂ ಮುಂಚೆ ಮೂಕಿ ಚಿತ್ರಗಳಿಗೆ ಕೈಹಾಕಿದ್ದರು. 1932ರ ‘ಹರಿಮಾಯಾ’ ನೋಡೋಣವೆಂದರೆ ಇಂದು ಪ್ರತಿಯಿಲ್ಲ. ಅಟ್ಟದ ಮೇಲೆ ಹಳೆಯ ರೀಲಿನ ಡಬ್ಬಿ ಇದ್ದರೆ ದೀಪ, ಬೀಡಿ ದೂರವಿಟ್ಟು ಗಾಳಿಯಾಡುವ ಕಡೆ ತೆರೆಯಿರಿ. ಹುಳಿ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಬಗೆಯ ರೀಲು, ಕೆಡುತ್ತಿದೆ. ಜೇನಿನಂಥ ಅಂಟೋ ಕಂದು ಪುಡಿಯೋ ಕಂಡರೆ ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ರೀಲು ಇರಬಹುದು. ಅದಕ್ಕೆ ಹೊತ್ತಿದ ಬೆಂಕಿ ನೀರಿಗೂ ಆರುವುದಿಲ್ಲ. ಪ್ರೊಜೆಕ್ಟರಿಗೆ ಹಾಕಲೇಬೇಡಿ: ಕುಗ್ಗಿದ ರೀಲಿನ ತೂತು ಹಲ್ಲಿಗೆ ಕೂರದೆ ಹರಿಯುತ್ತದೆ. ಡಬ್ಬಿ, ರೀಲಿನ ಅಂಚಿನ ಬರಹ ಎರಡರ ಫೋಟೊ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. ಅವರನ್ನು ಕೇಳದೆ ಕೊರಿಯರ್‌ನಲ್ಲಿ ಮಾತ್ರ ಕಳಿಸಬೇಡಿ.